ಮೆಚ್ಚಿನ ಲೇಖಕರ ಸಲಹೆಗಳಿಂದ ಬರವಣಿಗೆಯನ್ನು ಕಲಿಯಲು ಸಾಧ್ಯವೇ?

ಸಾಧ್ಯ, ಆದರೆ ಸಲಹೆಯನ್ನು ಆ ಲೇಖಕರ ಕೃತಿಗಳ ಜೊತೆಗಿಟ್ಟು ಓದಬೇಕು. ರಷ್ಯನ್ ಕತೆಗಾರ, ನಾಟಕಕಾರ ಆಂಟನ್ ಚೆಕಾಫ್ 1886ರ ಮೇ ತಿಂಗಳಲ್ಲಿ ಅಣ್ಣ ಅಲೆಕ್ಸಾಂಡರನಿಗೆ ಬರೆದ ಪತ್ರದಲ್ಲಿ, ಬೆಳದಿಂಗಳ ರಾತ್ರಿಯನ್ನು ಕಟ್ಟಿಕೊಡಲು ಗಿರಣಿಯ ಒಡ್ಡಿನ ಮೇಲೆ ಮಿನುಗುವ ಒಡೆದ ಬಾಟಲಿಯ ಚೂರಿನಂತಹ ಸಣ್ಣ ವಿವರವೇ ಸಾಕೆಂಬ ಅರ್ಥದ ಮಾತನ್ನು ಹೇಳುತ್ತಾನೆ. 1896ರಲ್ಲಿ ರಂಗಕ್ಕೆ ಬಂದ ಅವನದೇ ‘ದಿ ಸೀಗಲ್’ ನಾಟಕದಲ್ಲಿ ಅದೇ ಚಿತ್ರ ಮರಳಿ ಬರುತ್ತದೆ. ಅಲ್ಲಿ ಯುವ ಲೇಖಕ ತ್ರೆಪ್ಲೆವ್, ಇಂತಹ ವರ್ಣನೆಗಳು ಪ್ರಸಿದ್ಧ ಸಾಹಿತಿ ತ್ರಿಗೋರಿನ್‌ಗೆ ಸಲೀಸಾಗಿ ಒದಗುತ್ತವೆಂದು ಕೊರಗುತ್ತಾನೆ. ತನ್ನ ಸಲಹೆಯೂ ಬರಿಯ ಕೈಚಳಕವಾಗಿಬಿಡಬಹುದೆಂಬ ಅರಿವು (ಇದು ನನ್ನ ಊಹೆ) ಚೆಕಾಫನಿಗಿತ್ತು. ಆದ್ದರಿಂದ ಅವನ ಕತೆಯೊಂದರಲ್ಲಿ ಯಾವ ವಿವರವು ಇಡೀ ದೃಶ್ಯವನ್ನು ಹೊರುತ್ತದೆಂದು ಮೊದಲು ಗುರುತಿಸಿ, ಬಳಿಕ ನಿಮ್ಮ ಕರಡಿನಲ್ಲಿ ಅಂಥದ್ದೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕ ವರ್ಣನೆಯನ್ನು ಹೊಡೆದುಹಾಕಿ ನೋಡಿ.