ಕೂಳೆ ಕಬ್ಬಿಗೆ ಇಂಗ್ಲಿಷಲ್ಲಿ ಏನಂತಾರೆ?

ಪ್ರಶ್ನೆ: ಐದನೇ ಕ್ಲಾಸಿನ ಮಗಳನ್ನು ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಮನೆಯಲ್ಲೂ ಇಂಗ್ಲಿಷಲ್ಲೇ ಮಾತಾಡಿಸಿ ಅಂತ ಶಾಲೆಯವರು ಹೇಳುತ್ತಾರೆ. ನನಗೆ ಅಷ್ಟು ಬರುವುದಿಲ್ಲ. ನಮ್ಮ ಮಾವನವರಂತೂ ‘ನನ್ನ ಹಳ್ಳಿ ಮಾತು ಕಲಿತು ಮಗು ಹಿಂದೆ ಬೀಳುತ್ತೆ’ ಅಂತ ಅವಳ ಜೊತೆ ಮಾತನ್ನೇ ಕಡಿಮೆ ಮಾಡಿದ್ದಾರೆ. ಅಷ್ಟಕ್ಕೂ ಪ್ರಪಂಚವೆಲ್ಲ ಇಂಗ್ಲಿಷನ್ನೇ ಯಾಕೆ ಹಿಡಿಯಿತು? ಅದು ಅಷ್ಟು ದೊಡ್ಡ ಭಾಷೆಯಾ? ಮಗಳದ್ದೂ ಒಂದು ಪ್ರಶ್ನೆ: ತಾತ ಹೇಳುವ ಕೂಳೆ ಕಬ್ಬಿಗೆ ಇಂಗ್ಲಿಷಲ್ಲಿ ಏನು?
– ಓದುಗರು, ಪಾಂಡವಪುರ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾಗಿದ್ದು ಮಾವನವರ ವಿಷಯ. ಈ ಸಂಜೆಯಿಂದಲೇ ಅವರು ಮೊಮ್ಮಗಳ ಜೊತೆ ಮೊದಲಿನ ಹಾಗೆ ಮಾತಾಡಲಿ. ಯಾಕೆ ಅಂತ ಹೇಳುತ್ತೇನೆ.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ, ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ಕೋರ್ಟು, ದೊಡ್ಡವರ ಮನೆ, ಎಲ್ಲ ಕಡೆ ಫ್ರೆಂಚ್ ಬಂತು. ಇಂಗ್ಲಿಷ್ ಉಳಿದದ್ದು ಹೊಲದಲ್ಲಿ, ಒಲೆ ಮುಂದೆ, ದನ ಕಾಯುವವರ ಬಾಯಲ್ಲಿ. ಆ ಗುರುತು ಈಗಲೂ ಇದೆ ನೋಡಿ, ಕೊಟ್ಟಿಗೆಯಲ್ಲಿರುವ ಕುರಿಗೆ ‘ಶೀಪ್’ ಅನ್ನುವುದು ರೈತನ ಇಂಗ್ಲಿಷ್ ಮಾತು, ಅದೇ ತಟ್ಟೆಗೆ ಬಂದಾಗ ‘ಮಟನ್’ ಅನ್ನುವುದು ಫ್ರೆಂಚಿನಿಂದ ಬಂದದ್ದು. ಸುಮಾರು ಮುನ್ನೂರು ವರ್ಷ ಹೀಗೇ ನಡೆಯಿತು. ಕೊನೆಗೆ 1362ರಲ್ಲಿ, ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ, ಕೋರ್ಟಿನ ವಾದ ಇಂಗ್ಲಿಷಲ್ಲಿ ನಡೆಯಲಿ ಅಂತ ಕಾನೂನೇ ಮಾಡಬೇಕಾಯಿತು. ಅಷ್ಟು ಕಾಲ ಆ ಭಾಷೆಯನ್ನು ಉಳಿಸಿದ್ದು ನಿಮ್ಮ ಮಾವನಂಥವರೇ ಅಲ್ವಾ?

ಇಂಗ್ಲಿಷ್ ದೊಡ್ಡದಾಗಿದ್ದು ಅದರ ವ್ಯಾಕರಣ ಚೆನ್ನಾಗಿದೆ ಅಂತಲ್ಲ. ನ್ಯೂಟನ್ ಕೂಡ 1687ರಲ್ಲಿ ತನ್ನ ದೊಡ್ಡ ಪುಸ್ತಕವನ್ನು ಲ್ಯಾಟಿನ್‌ನಲ್ಲೇ ಬರೆದ, ಆಗ ವಿದ್ವಾಂಸರು ಓದುತ್ತಿದ್ದದ್ದು ಅದನ್ನೇ. ಆಮೇಲೆ ಬ್ರಿಟಿಷರ ಹಡಗು, ವ್ಯಾಪಾರ, ಸೈನ್ಯ ಎಲ್ಲೆಲ್ಲಿ ಹೋದವೋ ಅಲ್ಲೆಲ್ಲ ಇಂಗ್ಲಿಷೂ ಹೋಯಿತು. ನಮ್ಮ ದೇಶದಲ್ಲಿ 1835ರಲ್ಲಿ ಇಂಗ್ಲಿಷ್ ಓದೇ ಬೇಕು ಅಂತ ವಾದಿಸಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಟಿಪ್ಪಣಿ ಬಂದ ಮೇಲೆ ಸರ್ಕಾರದ ದುಡ್ಡು ಇಂಗ್ಲಿಷ್ ಓದಿಗೆ ಹೋಯಿತು, ನೌಕರಿಯೂ ಅದರ ಹಿಂದೆಯೇ ಬಂತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಹಣ, ವಿಜ್ಞಾನ, ಸಿನಿಮಾ, ಕಂಪ್ಯೂಟರ್ ಸೇರಿಕೊಂಡವು. ಮೊದಲ ಕಂಪ್ಯೂಟರ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇರಲಿಲ್ಲ, ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಸಿಕ್ಕಿದ್ದು 1991ರಲ್ಲಿ. ಇಷ್ಟೆಲ್ಲ ಇದ್ದೂ 2011ರ ಜನಗಣತಿಯಲ್ಲಿ ಇಂಗ್ಲಿಷ್ ನಮ್ಮ ತಾಯಿನುಡಿ ಅಂದವರು ಇಡೀ ಭಾರತದಲ್ಲಿ ಸುಮಾರು 2.6 ಲಕ್ಷ ಜನ. ಕನ್ನಡ ಅಂದವರು 4.37 ಕೋಟಿ.

ಹಾಗಂತ ಇಂಗ್ಲಿಷ್ ಬೇಡ ಅಂತ ನಾನು ಹೇಳಲಾರೆ. ಕನ್ನಡ ಮೀಡಿಯಂ ಓದಿ ಮೈಸೂರಿಗೆ ಬಿಎಸ್ಸಿಗೆ ಬಂದಾಗ ಮೊದಲ ಆರು ತಿಂಗಳು ನನಗೆ ಪಾಠ ಒಂದೂ ತಲೆಗೆ ಹೋಗಲಿಲ್ಲ, ಕೈ ಎತ್ತಿ ಕೇಳುವ ಧೈರ್ಯವೂ ಇರಲಿಲ್ಲ. ಆ ಕಷ್ಟ ನಿಮ್ಮ ಮಗಳಿಗೆ ಬೇಡ. ಅವಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಅದನ್ನು ಶಾಲೆಯವರು ಕಲಿಸಲಿ, ಅದು ಅವರ ಕೆಲಸ. ನೀವು ತಡವರಿಸಿಕೊಂಡು ಇಂಗ್ಲಿಷ್ ಆಡಿದರೆ ಅವಳಿಗೆ ಸಿಗುವುದು ತಪ್ಪು ಇಂಗ್ಲಿಷು, ಜೊತೆಗೆ ನಿಮ್ಮ ಪೂರ್ತಿ ಮಾತೂ ತಪ್ಪಿಹೋಗುತ್ತದೆ. ಮಗು ಮನೆಮಾತಿನಲ್ಲಿ ಯೋಚಿಸುವುದನ್ನು ಕಲಿತರೆ ಇನ್ನೊಂದು ಭಾಷೆ ಅದರ ಮೇಲೆ ನಿಲ್ಲುತ್ತದೆ. ಯುನೆಸ್ಕೋ ಕೂಡ 1953ರಲ್ಲೇ ಮಕ್ಕಳ ಓದು ತಾಯಿನುಡಿಯಲ್ಲಿ ಶುರುವಾಗಲಿ ಅಂದಿತ್ತು. ಬಿ.ಎಂ.ಶ್ರೀ ಅವರನ್ನೇ ನೋಡಿ, ಹೆಸರಿನಲ್ಲಿರುವ ‘ಬಿ’ ನಿಮ್ಮ ಜಿಲ್ಲೆಯ ಬೆಳ್ಳೂರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು, ಊರೂರು ತಿರುಗಿ ಕನ್ನಡದ ಕೆಲಸ ಮಾಡಿದರು.

ಶಾಲೆಯವರು ಮತ್ತೆ ಕೇಳಿದರೆ, ಮನೆಯಲ್ಲಿ ಅಜ್ಜ ಇದ್ದಾರೆ, ಅವರ ಮಾತು ನಾವು ನಿಲ್ಲಿಸುವುದಿಲ್ಲ ಅಂತ ನೇರವಾಗಿ ಹೇಳಿ.

ಇನ್ನು ಮಗಳ ಪ್ರಶ್ನೆ. ಕಡಿದ ಬುಡದಿಂದ ಮತ್ತೆ ಬರುವ ಕೂಳೆ ಕಬ್ಬಿಗೆ ‘ರಟೂನ್’ ಅಂತಾರೆ. ಅದು ಇಂಗ್ಲಿಷಿನವರ ಸ್ವಂತ ಪದವಲ್ಲ, ಚಿಗುರು ಅನ್ನುವ ಅರ್ಥದ ಸ್ಪ್ಯಾನಿಷ್ ಪದದಿಂದ ತೆಗೆದುಕೊಂಡದ್ದು. ಕೂಳೆ ಎಷ್ಟು ಸಲ ಬಿಡಬಹುದು, ಇಳುವರಿ ಯಾಕೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ಅವಳು ತಾತನನ್ನೇ ಕೇಳಲಿ. ಅವರು ಹೇಳಿದ್ದನ್ನು ಬರೆದು ಕಳಿಸಿದರೆ ಮುಂದಿನ ತಿಂಗಳು ಇದೇ ಪುಟದಲ್ಲಿ ಹಾಕುತ್ತೇನೆ.