‘ಬುಲ್‌ಹೆಡ್’ ಚಿತ್ರದಲ್ಲಿ ದನ ಸಾಕುವವರ ನಡುವೆ ಕೊಲೆ ಏಕೆ ನಡೆಯುತ್ತದೆ?

ನಿಷೇಧಿತ ಹಾರ್ಮೋನಿನ ಕಳ್ಳದಂಧೆಯೇ ಕಾರಣ. ಹಾರ್ಮೋನು ಚುಚ್ಚಿದ ಹೋರಿಯು ಅಷ್ಟೇ ಮೇವಿನಲ್ಲಿ ಬೇಗ ಮೈದುಂಬಿಕೊಂಡು ಹೆಚ್ಚು ಮಾಂಸ ಕೊಡುತ್ತದೆ. ಯುರೋಪಿನಲ್ಲಿ ಇದನ್ನು 1980ರ ದಶಕದಲ್ಲೇ ನಿಷೇಧಿಸಿದ್ದರಿಂದ, ಲಾಭ ಬಿಡಲೊಲ್ಲದ ಕೆಲವು ಸಾಕಣೆದಾರರು, ಪಶುವೈದ್ಯರು ಹಾಗೂ ಮಾಂಸದ ವ್ಯಾಪಾರಿಗಳ ಗುಪ್ತ ಜಾಲವೊಂದು ಬೆಳೆಯಿತು. 2011ರ ಈ ಬೆಲ್ಜಿಯಂ ಚಿತ್ರದ ಹಿಂದೆ ನಿಜ ಘಟನೆಯ ನೆರಳಿದೆ: ಇಂಥ ಜಾಲವನ್ನು ಬೆನ್ನಟ್ಟಿದ್ದ ಪಶುವೈದ್ಯಕೀಯ ತಪಾಸಣಾಧಿಕಾರಿ ಕರೆಲ್ ವಾನ್ ನೊಪೆನ್ ಅವರನ್ನು 1995ರ ಫೆಬ್ರವರಿಯಲ್ಲಿ ಅವರ ಮನೆಯ ಸಮೀಪವೇ ಗುಂಡಿಕ್ಕಿ ಕೊಲ್ಲಲಾಯಿತು.

ನನ್ನನ್ನು ಹೆಚ್ಚು ಕಲಕುವುದು ನಾಯಕ ಜಾಕಿಯ ಪಾಡು. ಬಾಲ್ಯದ ಕ್ರೂರ ಹಲ್ಲೆಯೊಂದರಲ್ಲಿ ವೃಷಣಗಳನ್ನು ಕಳೆದುಕೊಂಡ ಅವನು, ಗಂಡಸುತನವನ್ನು ಉಳಿಸಿಕೊಳ್ಳಲೆಂದು ತನ್ನ ಮೈಗೇ ಟೆಸ್ಟೋಸ್ಟೆರಾನ್, ಅಂದರೆ ಪುರುಷ ಹಾರ್ಮೋನು, ಚುಚ್ಚಿಕೊಳ್ಳುತ್ತಾ ಕೊಟ್ಟಿಗೆಯ ಹೋರಿಗಳಂತೆಯೇ ಉಬ್ಬುತ್ತಾ ಹೋಗುತ್ತಾನೆ.