ಒಂದೇ ಕೂತಲ್ಲಿ ಮುಗಿಯುವ ಸಸ್ಪೆನ್ಸ್ ಕಥೆಗಳು: ಎಲ್ಲಿಂದ ಶುರು ಮಾಡೋದು?

ರಾತ್ರಿ ಮಕ್ಕಳು ಮಲಗಿದ ಮೇಲೆ ಮುಕ್ಕಾಲು ಗಂಟೆ ಬಿಡುವು ಸಿಗುತ್ತೆ, ಥ್ರಿಲ್ಲರ್ ಕಾದಂಬರಿ ಹಿಡಿದರೆ ನಾಲ್ಕು ದಿನಕ್ಕೆ ಯಾರು ಯಾರೆಂದೇ ಮರೆತುಹೋಗುತ್ತೆ, ಸಣ್ಣ ಕಥೆಯಲ್ಲಿ ಅದೇ ಮಜಾ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತೆ. ಆದರೆ ಹಿಡಿದ ಕಥೆ ಅವತ್ತೇ ಮುಗಿಯಬೇಕು. ಉಳಿದದ್ದು ನಾಳೆಗೆ ಅಂತ ಪುಟ ಮಡಚಿಟ್ಟರೆ ಸಸ್ಪೆನ್ಸ್ ಕಥೆ ಅಲ್ಲಿಗೇ ಸಪ್ಪೆ.

ಅಮೆರಿಕದ ಎಡ್ಗರ್ ಅಲನ್ ಪೋ 1842ರಲ್ಲೇ ಈ ಮಾತು ಬರೆದಿದ್ದ. ಕಥೆ ಅಂದರೆ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಸುವಂಥದ್ದು; ನಡುವೆ ನಿಲ್ಲಿಸಿದರೆ ಹೊರಗಿನ ವ್ಯವಹಾರ ತಲೆಗೆ ನುಗ್ಗಿ, ಕಥೆಗಾರ ಕಟ್ಟಿದ್ದನ್ನು ಕೆಡಿಸುತ್ತೆ ಅನ್ನೋದು ಅವನ ವಾದ. ಅದು ಎಷ್ಟು ನಿಜ ಅಂತ ನೋಡಬೇಕಾದರೆ 1843ರ ಅವನದೇ ‘ದಿ ಟೆಲ್-ಟೇಲ್ ಹಾರ್ಟ್’ ಓದಿ. ಎರಡು ಸಾವಿರ ಚಿಲ್ಲರೆ ಪದ, ಹದಿನೈದು ನಿಮಿಷ ಸಾಕು. ಮುದುಕ ಮಲಗಿರುವ ಕೋಣೆಯ ಬಾಗಿಲನ್ನು ಒಬ್ಬ ನಡುರಾತ್ರಿ ಸರಿಸುತ್ತಾನೆ. ತಲೆ ಒಳಗೆ ಹಾಕೋದಕ್ಕೇ ಒಂದು ಗಂಟೆ ತೆಗೆದುಕೊಳ್ಳುತ್ತಾನೆ. ಹೀಗೇ ಏಳು ರಾತ್ರಿ. ಎಂಟನೆಯ ರಾತ್ರಿ ಅವನ ಕಿವಿಗೆ ಒಂದು ಸದ್ದು ಬೀಳುತ್ತೆ, ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದು. ಕೊನೆಯಲ್ಲಿ ಅದೇ ಸದ್ದು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಮತ್ತೆ ಬರುತ್ತೆ. ಮೊದಲನೆಯದು ಇನ್ನೂ ನಿಮ್ಮ ಕಿವಿಯಲ್ಲಿದ್ದರೆ ಮೈ ಝುಮ್ಮೆನ್ನುತ್ತೆ. ನಡುವೆ ಒಂದು ದಿನ ಕಳೆದಿದ್ದರೆ ಅದು ಬರೀ ಇನ್ನೊಂದು ವರ್ಣನೆ. ವಾರಪತ್ರಿಕೆಯ ಧಾರಾವಾಹಿ ಹಾಗಲ್ಲ, ಅದನ್ನು ಬಿಟ್ಟು ಬಿಟ್ಟು ಓದೋದಕ್ಕೆಂದೇ ಬರೆದಿರುತ್ತಾರೆ, ಪ್ರತಿ ಕಂತಿನ ಕೊನೆಗೂ ಒಂದು ಕೊಕ್ಕೆ ಇರುತ್ತೆ. ಸಣ್ಣ ಕಥೆಯಲ್ಲಿ ಆ ಕೊಕ್ಕೆ ಇರಲ್ಲ, ಮೊದಲ ಪುಟದ್ದನ್ನು ನೀವೇ ಹಿಡಿದಿಟ್ಟುಕೊಂಡಿರಬೇಕು.

ಅದಕ್ಕೇ ಓದೋಕೆ ಕೂರುವ ಮುಂಚೆ ಕಥೆ ಎಷ್ಟು ಉದ್ದ ಇದೆ ನೋಡಿಕೊಳ್ಳಿ. ಕೊನೆಯ ಪುಟದ ಸಂಖ್ಯೆ ಮಾತ್ರ ನೋಡಿ, ಕಣ್ಣು ಕೊನೆಯ ಸಾಲಿಗೆ ಹೋಗಬಾರದು. ಮುನ್ನುಡಿ ಮೊದಲು ಓದಲೇಬೇಡಿ. ಮುನ್ನುಡಿ ಬರೆಯುವವರು ಕಥೆಯ ಗುಟ್ಟನ್ನು ನಿರಾತಂಕವಾಗಿ ಬಿಟ್ಟುಕೊಡುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಫೋನ್ ಪಕ್ಕದ ಕೋಣೆಯಲ್ಲಿರಲಿ. ಫೋನಲ್ಲೇ ಓದುವುದಾದರೆ ನೆಟ್ ಆಫ್ ಮಾಡಿ.

ಪೋ ಬರೆಯುವ ಇಂಗ್ಲಿಷ್ ಹಳೆಯದು, ಕಷ್ಟ ಅನಿಸಿದರೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್‌ನ ‘ದಿ ಮಂಕೀಸ್ ಪಾ’ (1902) ಹಿಡಿಯಿರಿ. ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಮೂರು ಭಾಗ ಇದೆ, ಮೊದಲ ಭಾಗ ಮುಗಿದಾಗ ಇವತ್ತಿಗೆ ಸಾಕು ಅನಿಸಬಹುದು, ಏಳಬೇಡಿ. ಕೊನೆಯ ಭಾಗದಲ್ಲಿ ಬಾಗಿಲು ತಟ್ಟುವ ಸದ್ದು ಬರುತ್ತಲ್ಲ, ಹೊರಗೆ ನಿಂತಿರೋದು ಏನು ಅಂತ ಜೇಕಬ್ಸ್ ಒಮ್ಮೆಯೂ ತೋರಿಸಲ್ಲ. ಅಗುಳಿ ತೆಗೆಯುವ ಸದ್ದೊಂದರಲ್ಲೇ ಕೆಲಸ ಮುಗಿಸುತ್ತಾನೆ. ನನ್ನ ಪ್ರಕಾರ ಈ ಜಾತಿಯ ಕಥೆಗಳಲ್ಲಿ ಇದನ್ನು ಮೀರಿಸಿದ್ದು ಕಡಿಮೆ.

ಪಾತ್ರಗಳು ನೆನಪಿರಲ್ಲ ಅಂದಿರಲ್ಲ, ಅದಕ್ಕೆ ಷರ್ಲಾಕ್ ಹೋಮ್ಸ್ ಕಥೆಗಳೇ ಮದ್ದು. 1891ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಗೆ ಬರೆಯುವಾಗ ಕಾನನ್ ಡಾಯ್ಲ್ ಇದೇ ತೊಂದರೆಯನ್ನು ಯೋಚಿಸಿದ್ದ. ಧಾರಾವಾಹಿಯ ಒಂದು ಸಂಚಿಕೆ ತಪ್ಪಿದರೆ ಓದುಗನ ಆಸಕ್ತಿ ಹೋಗುತ್ತೆ. ನಾಯಕ ಅವನೇ ಇರಲಿ, ಕಥೆ ಮಾತ್ರ ಆಯಾ ಸಂಚಿಕೆಯಲ್ಲೇ ಮುಗಿಯಲಿ ಅಂತ. ‘ದಿ ಸ್ಪೆಕಲ್ಡ್ ಬ್ಯಾಂಡ್’ (1892) ನಿಮ್ಮ ಮುಕ್ಕಾಲು ಗಂಟೆಗೆ ಹೆಚ್ಚುಕಡಿಮೆ ಸರಿಹೋಗುತ್ತೆ. ಈ ಮೂರೂ ಕಾಪಿರೈಟ್ ಮುಗಿದ ಕಥೆಗಳು, ಹಳೆಯ ಪುಸ್ತಕಗಳ ವೆಬ್‌ಸೈಟ್ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ರೋಲ್ಡ್ ಡಾಲ್‌ನ ‘ಲ್ಯಾಂಬ್ ಟು ದಿ ಸ್ಲಾಟರ್’ (1953) ಮಾತ್ರ ದುಡ್ಡು ಕೊಟ್ಟು ಓದಬೇಕು, ‘ಸಮ್‌ವನ್ ಲೈಕ್ ಯೂ’ ಸಂಕಲನದಲ್ಲಿದೆ. ಕೊಲೆ ನಿಮ್ಮ ಕಣ್ಣೆದುರೇ ನಡೆಯುತ್ತೆ, ಕೊಲೆ ಮಾಡಿದ ಆಯುಧ ಪೊಲೀಸರಿಗೆ ಸಿಗುತ್ತಾ ಇಲ್ವಾ ಅನ್ನೋದಷ್ಟೇ ಉಳಿಯೋದು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕನ್ನಡದಲ್ಲಿ ‘ತುಷಾರ’, ‘ಮಯೂರ’ದ ಹಳೆಯ ಸಂಚಿಕೆ ಸಿಕ್ಕರೆ ಬಿಡಬೇಡಿ, ನಡುನಡುವೆ ಒಳ್ಳೆಯ ಪತ್ತೇದಾರಿ ಕಥೆಗಳಿರುತ್ತವೆ. ಕಾದಂಬರಿಯೇ ಬೇಕು ಅಂತ ಆಸೆಯಾದರೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ತಗೊಳ್ಳಿ. ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿಯ ಕಥೆ, ನಡೆಯೋದು ಒಂದೇ ದಿನದಲ್ಲಿ. ಅದನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ, ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿದ ಭಾನುವಾರಕ್ಕಿರಲಿ.

ಒಂದು ರಾತ್ರಿಗೆ ಒಂದೇ ಕಥೆ. ಒಬ್ಬನದೇ ಮೂರು ಕಥೆ ಒಟ್ಟಿಗೆ ಓದಿದರೆ ನಾಲ್ಕನೆಯದರ ತಿರುವು ಮೊದಲೇ ಹೊಳೆದುಬಿಡುತ್ತೆ. ಟೈಮ್ ಉಳಿದರೆ ಓದಿದ ಕಥೆಯ ಮೊದಲ ಪುಟಕ್ಕೇ ವಾಪಸ್ ಹೋಗಿ, ಸುಳಿವು ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ಹುಡುಕಿ. ಹೆದರಿಕೆ ಕಥೆ ಓದಿದರೆ ನಿದ್ದೆ ಹತ್ತಲ್ಲ ಅನ್ನೋರಾದರೆ ಪೋ, ಜೇಕಬ್ಸ್ ಇಬ್ಬರನ್ನೂ ಹಗಲಿಗಿಟ್ಟು, ಮಲಗುವ ಮುಂಚೆ ಹೋಮ್ಸ್ ಓದಿ. ಅಲ್ಲಿ ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳಿರುತ್ತಾರೆ.